ಒಳಗೆ ಬಿಟ್ಟ ಬಟ್ಟೆ

ತನ್ನದೇ ಬ್ಲೌಸಿನ ಪಕ್ಕದ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಬಿಚ್ಚುತ್ತಾ ಹೋದ ವೇದಾಳ ಕೈ ಕಂಕುಳ ಹತ್ತಿರ ಬಂದು ನಿಂತಿತು. ಸಡಿಲಿಸಲು ಒಳಗೆ ಇನ್ನು ಬಟ್ಟೆಯೇ ಇರಲಿಲ್ಲ. ಒಂದರ ಪಕ್ಕ ಒಂದರಂತೆ ಮೂರು ಸಾಲು ಸೂಜಿತೂತು. ಒಂದು ಸಲ ಹೊಲಿದು, ಮತ್ತೆರಡು ಸಲ ಬಿಚ್ಚಿ ಹೊಲಿದ ಗುರುತು. ಮೂರನೆಯ ಸಾಲು ಅಂಚಿಗೇ ಬಂದು ಮುಟ್ಟಿತ್ತು.

ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಗೌರಕ್ಕ ಅದನ್ನು ನೋಡಿ ನಕ್ಕಳು. ಬನವಾಸಿ ಕಡೆಯ ಗೌರಕ್ಕ ಮೆಣಸಿನಕಾಯಿ ಮಾರಲು ಶಿರಸಿ ಪೇಟೆಗೆ ಬಂದಾಗಲೆಲ್ಲ ಈ ಹೊಲಿಗೆ ಅಂಗಡಿಯಲ್ಲಿ ಒಂದು ಗಳಿಗೆ ಕೂತೇ ಹೋಗುವವಳು. ಅವಳೂ ತುಂಬಿದ ಆಳು, ಆದರೆ ಅದರ ಚಿಂತೆ ಅವಳನ್ನು ಕಾಡಿದ್ದಿಲ್ಲ.

"ನನ್ನ ಜಂಪರಿಗೂ ಒಳಗ ಎರಡ ಬೆರಳ ಬಟ್ಟಿ ಬಿಡ್ರಿ ಅಕ್ಕಾರ," ಎಂದಳು. "ನಾವೇನ ಸೊರಗೋ ಮಂದಿ ಅಲ್ಲ."

ಒಳಗೆ ಬಟ್ಟೆ ಬಿಡುವುದು ಹೊಲಿಯುವವರ ಧರ್ಮ. ಹೆಂಗಸು ಹೆರುತ್ತಾಳೆ, ಬಾಣಂತನದಲ್ಲಿ ಹಿಗ್ಗುತ್ತಾಳೆ, ಬ್ಲೌಸು ಮಾತ್ರ ಅದೇ ಬಾಳಬೇಕು. ಹದಿನಾಲ್ಕು ವರ್ಷದಿಂದ ವೇದಾ ಊರಿನ ಅದೆಷ್ಟೋ ಹೆಂಗಸರಿಗೆ ಎರಡೆರಡು ಬೆರಳು ಬಿಟ್ಟುಕೊಂಡು ಬಂದಿದ್ದಳು. ತಾನು ಹೆರಲಿಲ್ಲ. ತನಗೆ ಬಿಟ್ಟುಕೊಂಡ ಬಟ್ಟೆಯೆಲ್ಲ ಹಾಗೇ ಖರ್ಚಾಯಿತು.

ದೀಪಾವಳಿ ಕಳೆದ ಮೇಲೆ ಮೊಣಕಾಲು ಬಾತು, ಮೆಷಿನ್ನು ತುಳಿಯುವಾಗ ಒಳಗೆ ಮರಳು ಅರೆದ ಹಾಗೆ ಆಗತೊಡಗಿತ್ತು. ಡಾಕ್ಟರು ಹತ್ತು ಕಿಲೋ ಇಳಿಸು, ಇಲ್ಲವಾದರೆ ಈ ಕೆಲಸ ಬಿಡು ಎಂದರು. ಮೋಟಾರು ಹಾಕಿಸೋಣವೆಂದರೆ ಆ ಓಣಿಯ ಕರೆಂಟು ದೂರದ ನೆಂಟರ ಹಾಗೆ, ಬಂದರೆ ಬಂತು. ಅಣ್ಣ ವೆಂಕಟ್ರಮಣನಿಗೆ ಇದೆಲ್ಲ ಸುಲಭವಾಗಿ ಕಂಡಿತು. ಅಂಗಡಿ ಮುಚ್ಚಿ ಮನೆಯಲ್ಲೇ ಇರು, ನಿನಗೆ ಎಂತ ಕಡಿಮೆಯಾಗಿದೆ ಎಂದು ಕೇಳಿದ. ಅತ್ತಿಗೆ ಸೀತಾಳಿಗೂ ಅದು ಸರಿಯೆನಿಸಿತು. ಅಡಿಗೆಮನೆಗೆ ಇನ್ನೆರಡು ಕೈ ಬಂದಂತಾಗುತ್ತದಲ್ಲ. ಎಂಟಡಿ ಅಗಲದ ಈ ಅಂಗಡಿಯೊಂದನ್ನು ಬಿಟ್ಟರೆ ವೇದಾಳದು ಎನ್ನುವ ಜಾಗ ಭೂಮಿಯ ಮೇಲೆ ಬೇರೆ ಇರಲಿಲ್ಲ.

ಅವಳು ಹಟ ಹಿಡಿದಳು. ಬೆಳಿಗ್ಗೆ ಎದ್ದು ಕೋಟೆಕೆರೆಯ ಸುತ್ತ ನಡೆದಳು, ಅನ್ನ ಅರ್ಧ ಮಾಡಿದಳು. ಎರಡು ತಿಂಗಳಿಗೆ ನಾಲ್ಕು ಕಿಲೋ ಇಳಿಯಿತು. ಹಸಿವೆಯೊಂದೇ ಆಗಿದ್ದರೆ ಗೆದ್ದೇಬಿಡುತ್ತಿದ್ದಳು. ಆದರೆ ಕತ್ತರಿ ಇಡುವ ಮೇಜಿನ ತುದಿಯಲ್ಲಿ ತೊಡೆದೇವಿನ ಡಬ್ಬಿಯೊಂದಿತ್ತು. ಕಬ್ಬಿನ ಹಾಲಿನಲ್ಲಿ ಮಾಡುವ ಆ ಸಿಹಿ ಕಾಗದಕ್ಕಿಂತ ತೆಳು. ಒಂದು ತಿಂದರೆ ತಿಂದ ಲೆಕ್ಕವೇ ಅಲ್ಲ ಅನಿಸುತ್ತದೆ, ಮೋಸವೆಲ್ಲ ಅಲ್ಲೇ. ಯಾರಾದರೂ ಒಂದು ಮಾತು ಅಂದರೆ ಸಾಕು, ಅವಳ ಕೈ ತಾನಾಗಿಯೇ ಡಬ್ಬಿಗೆ ಹೋಗುತ್ತಿತ್ತು. ಮತ್ತೆ ಮೂರು ಕಿಲೋ ಏರಿತು.

ಆ ಅಭ್ಯಾಸ ಹಳೆಯದು. ಇಪ್ಪತ್ತರ ಹೊತ್ತಿಗೆ ಅವಳನ್ನು ನೋಡಲು ಗಂಡಿನ ಕಡೆಯವರು ಒಂಬತ್ತು ಸಲ ಬಂದು ಹೋಗಿದ್ದರು. ಒಬ್ಬರಿಗೆ ಜಾತಕ ಕೂಡಲಿಲ್ಲ, ಒಬ್ಬರಿಗೆ ಬಣ್ಣ ಸಾಲಲಿಲ್ಲ. ಪ್ರತಿ ಸಲವೂ ಬಂದವರಿಗೆ ಮಾಡಿದ ಕೇಸರಿ ಉಳಿಯುತ್ತಿತ್ತು. ಮಗಳ ಮುಖ ನೋಡಲಾರದೆ ತಾಯಿ ಅದನ್ನೇ ಬಟ್ಟಲಿಗೆ ಹಾಕಿ ಎದುರಿಗಿಟ್ಟು, "ತಿನ್ನು ತಂಗಿ, ಹಾಳಾಗ್ತು," ಎನ್ನುತ್ತಿದ್ದಳು. ಬೇಡವೆಂದು ಹೋದವರ ಪಾಲನ್ನು ವೇದಾ ತಿನ್ನುತ್ತಿದ್ದಳು. ತಾಯಿ ಪ್ರೀತಿಯಿಂದಲೇ ಹೇಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಮಾತು ಅತ್ತಿಗೆಯ ಬಾಯಿಗೆ ಬಂತು, ಅಲ್ಲಿ ಅದರ ರುಚಿ ಬದಲಾಯಿತು. ಪಾತ್ರೆಯಲ್ಲಿ ಏನು ಉಳಿದರೂ ಸೀತಾ, "ಹಾಳಾಗ್ತಿಲ್ಲೆ, ವೇದಾ ಇದ್ದಲ," ಎನ್ನುತ್ತಿದ್ದಳು. ಅವರ ಮನೆಮಾತಿನಲ್ಲಿ ಹೆಂಗಸರಿಗೆ ಬೇರೆ ಕ್ರಿಯಾಪದವಿಲ್ಲ, ವಸ್ತುವಿಗೂ ದನಕ್ಕೂ ಹೆಣ್ಣಿಗೂ 'ಇದೆ' ಎನ್ನುವ ಒಂದೇ 'ಇದ್ದು'. ಬಾನಿ ಇದ್ದು, ಎಮ್ಮೆ ಇದ್ದು, ವೇದಾ ಇದ್ದು. ಹುಟ್ಟಿದಾಗಿನಿಂದ ಕೇಳಿದ ಮಾತು, ಅವಳಿಗೆ ಒಂದು ದಿನವೂ ಚುಚ್ಚಿರಲಿಲ್ಲ.

ಚುಚ್ಚಿದ್ದು ಆ ವಾರದ ಭಾನುವಾರ. ಅಣ್ಣನ ಮಗಳು ಶ್ರೀಲಕ್ಷ್ಮಿಗೆ ಮಂಚಿಕೇರಿಯ ಕಡೆಯ ಸಂಬಂಧ ಕೂಡಿಬಂದು, ಮಾತುಕತೆ ಮುಗಿಸಿ ಊಟಕ್ಕೆ ಕೂತಿದ್ದರು. ಗಂಡಸರದಾಗಿ ಹೆಂಗಸರ ಪಂಕ್ತಿ ಏಳುವ ಹೊತ್ತು. ವೇದಾ ಆ ಬಿಗಿ ಬ್ಲೌಸಿನಲ್ಲೇ ಉಸಿರು ಹಿಡಿದು ಕೂತಿದ್ದಳು. ಅವಳ ಎಲೆ ಖಾಲಿಯಾಗಿತ್ತು, ಹೊಟ್ಟೆ ತುಂಬಿತ್ತು. ಅಷ್ಟರಲ್ಲಿ ಸೀತಾ ಪಾಯಸದ ಪಾತ್ರೆ ಹಿಡಿದು ಸಾಲಿನ ಉದ್ದಕ್ಕೂ ಬಂದಳು. ಯಾರಿಗೂ ಬೇಡವಾಗಿತ್ತು. ಇಷ್ಟೆಲ್ಲ ಉಳಿಯಿತಲ್ಲ ಎಂದು ಹುಡುಗನ ಸೋದರತ್ತೆ ಮರುಗಿದಳು.

"ಹಾಳಾಗ್ತಿಲ್ಲೆ ಬಿಡಿ, ವೇದಾ ಇದ್ದಲ," ಎಂದಳು ಸೀತಾ. ಪಂಕ್ತಿ ನಕ್ಕಿತು. ಹೊಸ ನೆಂಟರು ಕೂಡ ನಕ್ಕರು.

ವೇದಾ ಎರಡೂ ಅಂಗೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದಳು. ಹಾಗೆ ಹಿಡಿಯುವುದು, ಬಡಿಸುವವರು ಒತ್ತಾಯದಿಂದ ಕೈ ಸರಿಯುವಂತೆ ಮಾಡಿ ಇನ್ನೂ ಒಂದು ಸೌಟು ಹಾಕುವುದು, ಎರಡೂ ಊಟದ ರಿವಾಜೇ. ಇವಳು ಕೈ ಸರಿಸುತ್ತಾಳೆಂದೇ ಸೀತಾ ಸೌಟು ಓರೆ ಮಾಡಿದಳು. ಕೈ ಸರಿಯಲಿಲ್ಲ. ಬಿಸಿ ಪಾಯಸ ಬೆರಳುಗಳ ಮೇಲೆ ಬಿದ್ದು ಸಂದಿಯಿಂದ ಇಳಿಯಿತು. ಆಗಲೂ ಕೈ ಸರಿಯಲಿಲ್ಲ.

"ಅಕ್ಕಚ್ಚಿನ ಬಾನಿಯೂ ಇದ್ದಲ ಅತ್ತಿಗೆ," ಎಂದಳು ವೇದಾ. ದನಿ ಏರಿರಲಿಲ್ಲ. "ಅದಕ್ಕೆ ಹಾಕು."

ಅಕ್ಕಚ್ಚೆಂದರೆ ಅಕ್ಕಿ ತೊಳೆದ ನೀರು, ಅದನ್ನು ತುಂಬಿಡುವ ಬಾನಿ ಕೊಟ್ಟಿಗೆಯ ಎಮ್ಮೆಯ ಪಾಲು. ಸೀತಾ ನಗಲು ನೋಡಿದಳು. "ತುಪ್ಪ ಹಾಕಿ ಮಾಡಿದ್ದನ್ನ ಎಮ್ಮೆಗೆ ಹಾಕದನೇ? ನಿಂಗೆ ಎಂತ ಆಜು?"

"ಎಮ್ಮೆಗೆ ಹಸಿವಾಗಿರ್ತು. ಯಂಗೆ ಹಸಿವಿಲ್ಲೆ. ಇಷ್ಟು ವರ್ಷ ಆನು ತಿಂದಿದ್ದೂ ಹಸಿವಾಗಿ ಅಲ್ಲ."

ಅವಳು ಪಾಯಸದ ಕೈಯಿಂದಲೇ ಎಲೆ ಮಡಚಿ ಎದ್ದಳು. ಅವಳ ಹಿಂದೆಯೇ ಸಾಲಿನ ತುದಿಯಲ್ಲಿ ಕೂತಿದ್ದ ಶ್ರೀಲಕ್ಷ್ಮಿ ಎದ್ದು, ತಾಯಿಯ ಕೈಯಿಂದ ಪಾತ್ರೆ ತೆಗೆದುಕೊಂಡು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕೊಟ್ಟಿಗೆಯ ಕಡೆ ನಡೆದಳು.

ಮೂರು ಗಂಟೆಯ ಹೊತ್ತಿಗೆ ವೇದಾ ಅಂಗಡಿಯಲ್ಲಿದ್ದಳು. ಭಾನುವಾರ, ಓಣಿಯಲ್ಲಿ ನರಪಿಳ್ಳೆಯಿಲ್ಲ. ಗೆದ್ದು ಬಂದಿದ್ದೇನೆ ಎಂದುಕೊಂಡಳು. ಆದರೆ ಸಿಟ್ಟು ಇಳಿದಿರಲಿಲ್ಲ, ನೋಡುವಷ್ಟರಲ್ಲಿ ಡಬ್ಬಿಯ ಮುಚ್ಚಳ ಕೈಯಲ್ಲಿತ್ತು. ತೊಡೆದೇವಿನ ಒಂದು ಚೂರು ನಾಲಗೆಯ ಮೇಲೂ ಇತ್ತು. ಉಗುಳಲಿಲ್ಲ, ಅಗಿಯಲೂ ಇಲ್ಲ. ಏನಾಗುತ್ತದೆ ನೋಡೋಣವೆಂದು ಬಾಯಿ ಮುಚ್ಚಿ ಕಾದಳು. ಸಿಹಿ ಕರಗಿತು. ಸಿಟ್ಟು ಎಲ್ಲಿತ್ತೋ ಅಲ್ಲೇ ಇತ್ತು, ಕೂದಲಷ್ಟೂ ಕರಗಿರಲಿಲ್ಲ. ಇಪ್ಪತ್ತು ವರ್ಷ ಯಾವುದಕ್ಕೋ ಮದ್ದು ಎಂದು ಯಾವುದನ್ನೋ ತಿಂದೆನಲ್ಲ ಎಂದು ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮುಚ್ಚಳ ಒತ್ತಿ ಹಾಕಿ, ಸಿಟ್ಟನ್ನು ಸಿಟ್ಟಾಗಿಯೇ ಇಟ್ಟುಕೊಂಡು ಕೂತಳು. ಕೂತರೆ ಜೀವವೇನೂ ಹೋಗಲಿಲ್ಲ.

ಸಂಜೆಯ ಮೊದಲೇ ಶ್ರೀಲಕ್ಷ್ಮಿ ಬಂದಳು. ಬಂದವಳು ಅತ್ತೆಯ ಕೆಂಪಾದ ಬೆರಳುಗಳನ್ನು ನೋಡಿದಳು, ಡಬ್ಬಿಯನ್ನೂ ನೋಡಿದಳು. ನೆಂಟರು ಹೋದರೆಂದೂ, ಸಂಬಂಧಕ್ಕೆ ಏನೂ ಅಡ್ಡಿಯಿಲ್ಲವೆಂದೂ, ಹುಡುಗನ ಸೋದರತ್ತೆ ಹೋಗುವಾಗ ವೇದಾಳನ್ನೇ ವಿಚಾರಿಸಿ ಹೋದಳೆಂದೂ ಹೇಳಿದಳು.

"ಆಯಿ ಮಾತ್ರ ಮೋರೆ ಊದ್ಸಿಕೊಂಡು ಕೂತಿದ್ದು ಅತ್ತೆ," ಎಂದು ತಾಯಿಯ ಸುದ್ದಿಯನ್ನೂ ಸೇರಿಸಿದಳು.

"ಊದ್ಲಿ ಬಿಡು. ಇಷ್ಟು ವರ್ಷ ಆ ಮನೇಲಿ ಊದಿದ್ದು ಆನೊಬ್ಬಳೇ."

ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ವೇದಾ ಮೇಜಿನ ಕೆಳಗಿನಿಂದ ಹಸಿರು ಬಟ್ಟೆಯ ಕಟ್ಟು ತೆಗೆದಳು. ಹುಡುಗಿಗೆ ಗಂಡು ನೋಡತೊಡಗಿದಾಗಲೇ ಮದುವೆಗೆಂದು ತಂದಿಟ್ಟದ್ದು, ಮೈ ಇಳಿದ ಮೇಲೆ ಹೊಲಿದರಾಯಿತು ಎಂದು ಎರಡು ತಿಂಗಳಿಂದ ಬಿಚ್ಚಿರಲಿಲ್ಲ. ಟೇಪನ್ನು ಶ್ರೀಲಕ್ಷ್ಮಿಯ ಕೈಗೆ ಕೊಟ್ಟು, ಉಸಿರು ಹಿಡಿಯದೆ, ಹೊಟ್ಟೆ ಎಳೆದುಕೊಳ್ಳದೆ ನಿಂತಳು. ಅಳತೆ ಎಷ್ಟಿತ್ತೋ ಅಷ್ಟನ್ನೇ ಬಟ್ಟೆಯ ಮೇಲೆ ಬಳಪದಲ್ಲಿ ಬರೆದಳು. ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಗೆರೆ ಎಳೆದಳು. ಹೊಲಿಗೆಗೆ ಎಷ್ಟು ಬೇಕೋ ಅಷ್ಟೇ ಬಿಟ್ಟು, ಅದಕ್ಕೆ ತಾಗಿಸಿ ಕತ್ತರಿ ಇಟ್ಟಳು.

"ಅತ್ತೆ, ಒಳಗೆ ಬಟ್ಟೆ ಬಿಟ್ಟಿದ್ದಿಲ್ಲೆ," ಎಂದಳು ಶ್ರೀಲಕ್ಷ್ಮಿ ಗಾಬರಿಯಿಂದ. "ನಾಳೆ ಬಿಗಿ ಆದ್ರೆ?"

ವೇದಾಳ ಬಾಯಲ್ಲಿ ಸೂಜಿಗಳಿದ್ದವು. ಬೇಡವೆಂದು ತಲೆಯಾಡಿಸಿದಳು. ಕತ್ತರಿ ಕಂಕುಳಿಂದ ಸೊಂಟದ ತನಕ ಎಲ್ಲೂ ತಡೆಯದೆ ಹೋಯಿತು. ಎರಡು ಬೆರಳಗಲದ ಹಸಿರು ಪಟ್ಟಿ ಕಳಚಿ, ಡಬ್ಬಿಯ ಮುಚ್ಚಳದ ಮೇಲೆ ಬಿದ್ದು ಸುರುಳಿಯಾಯಿತು. ಅವಳು ಮೆಷಿನ್ನು ತುಳಿಯತೊಡಗಿದಾಗ ಮೇಜು ಅದುರಿ, ಅದು ಅಲ್ಲೇ ಸಣ್ಣಗೆ ನಡುಗುತ್ತಿತ್ತು.