ಅಕ್ಕನ ಲ್ಯಾಬು ಮುಚ್ಚಿದರೆ

ಯಾವ ಲ್ಯಾಬಿಗೆ ಸರ್ಕಾರದ ಹಣ ನಿಲ್ಲಿಸಿದರೆ ಉಳಿದವರ ಸಂಶೋಧನೆಗೆ ಎಷ್ಟು ಪೆಟ್ಟು ಬೀಳುತ್ತದೆಂದು ಮೊದಲೇ ತೋರಿಸುವ ಕಂಪ್ಯೂಟರ್ ಮಾದರಿ ಕಟ್ಟುವುದು ನನ್ನ ಕೆಲಸ. ಪರದೆಯ ಮೇಲೆ ಪ್ರತಿ ಲ್ಯಾಬೂ ಒಂದು ಚುಕ್ಕಿ. ಜೊತೆಗೂಡಿ ಪ್ರಬಂಧ ಬರೆದವರ ನಡುವೆ ಗೆರೆ. ಒಂದನ್ನು ಅಳಿಸಿದರೆ ಪೆಟ್ಟು ಬೀಳುವ ಚುಕ್ಕಿಗಳು ಮಂಕಾಗುತ್ತವೆ. ಅವತ್ತು ಅಕ್ಕ ಕೆಲಸ ಮಾಡುವ ಲ್ಯಾಬಿನ ಸರದಿ. ಅಳಿಸಿದೆ. ಒಂದು ಚುಕ್ಕಿಯೂ ಮಂಕಾಗಲಿಲ್ಲ.

ಫಲಿತಾಂಶ ಕೇಳಿದ ನಮ್ಮ ನಿರ್ದೇಶಕರು ಫೋನಿನಲ್ಲಿ, "ಹಾಗಾದ್ರೆ ಮುಚ್ಚೋಣ, ಸಂಜೆಯೊಳಗೆ ವರದಿ ಕೊಡಿ" ಅಂದರು.

ಮಗಳಿಗೆ ಜ್ವರ, ಮನೆಯಲ್ಲೇ ಇದ್ದೆ. ಅವಳ ಹಣೆಯ ಮೇಲಿನ ಬಟ್ಟೆ ಬದಲಿಸುವಾಗಲೂ ಮನಸ್ಸು ಒಪ್ಪಲಿಲ್ಲ. ಅಕ್ಕ ಥರಾವರಿ ಬೂಷ್ಟು, ಬ್ಯಾಕ್ಟೀರಿಯಾಗಳನ್ನು ಜೋಪಾನವಾಗಿ ಬೆಳೆಸಿ, ಕೇಳಿದ ಲ್ಯಾಬುಗಳಿಗೆಲ್ಲ ಕಳಿಸುವವಳು. "ನನ್ನ ಮಕ್ಕಳು ಮನೆ ಬಿಟ್ಟ ಮೇಲೆ ತಿರುಗಿ ನೋಡಲ್ಲ ಕಣೇ" ಎಂದು ನಗುತ್ತಾಳೆ. ಬೇರೆ ಲ್ಯಾಬಿನದೊಂದು ಪ್ರಬಂಧ ತೆರೆದೆ. ಬರೆದವರ ಹೆಸರುಗಳಲ್ಲಿ ಅಕ್ಕ ಇಲ್ಲ. ಒಳಗೆ, ಬೂಷ್ಟು ಎಲ್ಲಿಂದ ಬಂತು ಎಂಬ ಸಾಲಿನಲ್ಲಿ ಅವಳ ಲ್ಯಾಬು ಇತ್ತು. ನಾನು ಮಾದರಿಗೆ ಓದಲು ಕಲಿಸಿದ್ದು ಬರೆದವರ ಹೆಸರುಗಳನ್ನು ಮಾತ್ರ.

ನಾನೇ ತಿದ್ದಬಹುದಿತ್ತು. ತಿದ್ದಿದರೆ ಯಾರು ನಂಬುತ್ತಾರೆ? ನಿರ್ದೇಶಕರಿಗೆ ಫೋನು ಮಾಡಿದೆ.

"ಸರ್, ಮಾದರೀಲಿ ತಪ್ಪಿದೆ. ಇನ್ನೊಂದು ವಿಷಯ, ಆ ಲ್ಯಾಬಲ್ಲಿರೋದು ನನ್ನಕ್ಕ. ಬೇರೆಯವರು ನೋಡಲಿ."

"ಈಗ ಹೇಳ್ತೀರಲ್ರೀ! ಸರಿ, ಕೊಕ್ಕೆಗೆ ಕೊಡ್ತೀನಿ."

ಎಲ್ಲರ ಲೆಕ್ಕದಲ್ಲೂ ತಪ್ಪು ಹುಡುಕುವ ಸಹೋದ್ಯೋಗಿಗೆ ಆಫೀಸು ಇಟ್ಟ ಹೆಸರು ಅದು. ನನ್ನ ಕಂಡರೆ ಆತನಿಗೆ ಅಷ್ಟಕ್ಕಷ್ಟೇ.

ಅಕ್ಕನಿಗೆ ಹೇಳಿದೆ. ಸಿಡುಕಿದಳು. "ನಿನ್ನ ಕೈಯಲ್ಲೇ ಇತ್ತಲ್ಲೇ! ನಾಲ್ಕು ಗೆರೆ ಎಳೆಯೋಕೆ ಏನು ಧಾಡಿ?"

"ನಾನು ಎಳೆದ್ರೆ ಅದು ಶಿಫಾರಸು ಆಗುತ್ತಕ್ಕಾ."

ಫೋನು ಕುಕ್ಕಿದಳು.

ಮಾರನೆಯ ದಿನ ಮಗಳ ಜ್ವರ ಇಳಿಯಿತು. ಅವಳ ಬೆವರಿದ ಬಟ್ಟೆಗಳನ್ನು ಹಿಂಡುತ್ತಿದ್ದಾಗ ಕೊಕ್ಕೆಯ ಫೋನು ಬಂತು.

"ನಿಮ್ಮ ಮಾದರೀಲಿ ಇನ್ನೂ ಬೇಕಾದಷ್ಟು ತಪ್ಪುಗಳಿವೆ."

"ಅಕ್ಕನ ಲ್ಯಾಬು?"

"ಒಳಗಿನ ಸಾಲುಗಳನ್ನೂ ಓದಿಸಿ ಅಳಿಸಿದೆ. ಅರ್ಧ ಪರದೆ ಮಂಕಾಯ್ತು. ನಿರ್ದೇಶಕರು ಹೋದಲ್ಲೆಲ್ಲ ಹೊಗಳೋ ಲಸಿಕೆ ಲ್ಯಾಬೂ ಹೋಯ್ತು. ಮುಚ್ಚಬೇಡಿ ಅಂತ ಬರೆದೆ, ಸಹಿ ಹಾಕಿದ್ರು."

ಅಕ್ಕನಿಗೆ ಫೋನಿನಲ್ಲಿ ತಿಳಿಸಿದೆ. ಆ ಕಡೆಯಿಂದ ಮೂಗು ಸೀಟಿಕೊಂಡ ಸದ್ದು.

"ಆ ಕೊಕ್ಕೇನ ಒಂದಿನ ಊಟಕ್ಕೆ ಕರಿಯೇ."

"ಬಂದ್ರೆ ಅಡುಗೇಲೂ ತಪ್ಪು ಹುಡುಕ್ತಾರಕ್ಕಾ."

"ನಿನ್ನ ಅಡುಗೇಲಿ ಹುಡುಕೋ ಕಷ್ಟ ಇರಲ್ಲ ಬಿಡು."