ಮೈಸೂರಿನ ಲಕೋಟೆ

ತೊಂಬತ್ತೆಂಟರಲ್ಲಿ ಮೇಘಶ್ರೀಗೆ ಪಿಯುಸಿಯಲ್ಲಿ ಎಂಬತ್ತೊಂದು ಪರ್ಸೆಂಟ್ ಬಂದದ್ದೇ ಬಂದದ್ದು, ಗೋಣಿಬೀಡಿನಲ್ಲಿ ಕಂಡಕಂಡವರೆಲ್ಲ ಕಾಲೇಜಿನ ಹೆಸರು ಹೇಳತೊಡಗಿದರು. ಹೇಳುವವರ ಗಂಟೇನು ಹೋಗುತ್ತದೆ! ಫಾರಂ ತುಂಬಿಸಬೇಕಾದವಳು ಸೋದರತ್ತೆ ರುಕ್ಮಿಣಮ್ಮ. ತಾಯಿಯಿಲ್ಲದ ಹುಡುಗಿಯನ್ನು ಐದು ವರ್ಷದವಳಿದ್ದಾಗಿನಿಂದ ಸಾಕಿದವಳು ಅವಳೇ. ಅವಳ ಅಣ್ಣ, ಹುಡುಗಿಯ ಅಪ್ಪ ತಿಮ್ಮಪ್ಪನಿಗೆ ಕಾಫಿ ತೋಟವೊಂದು ಗೊತ್ತು, ಉಳಿದದ್ದೆಲ್ಲ ತಂಗಿಯೇ ನೋಡಿಕೊಳ್ಳಬೇಕು.

ರುಕ್ಮಿಣಮ್ಮ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೇನು, ಮೂಡಿಗೆರೆಗೆ ಹೋಗಿ ಲೆಕ್ಚರರ್ ಶೇಷಪ್ಪನವರನ್ನು ಹಿಡಿದು ಎಲ್ಲ ಕೇಳಿಕೊಂಡು ಬಂದಳು. ಒಂದೇ ಕಾಲೇಜು ನಂಬಿ ಕೂರಬಾರದು, ಸಿಕ್ಕರೆ ಪುಣ್ಯ ಅನ್ನುವಂಥದ್ದು ಎರಡು, ಸಿಗಬಹುದು ಅನ್ನುವಂಥದ್ದು ಎರಡು, ಸಿಕ್ಕೇ ಸಿಗುವಂಥದ್ದು ಒಂದು ಇರಲಿ ಅಂದಿದ್ದರು ಅವರು. ಇದು ತಿಮ್ಮಪ್ಪನಿಗೆ ತಟ್ಟನೆ ಅರ್ಥವಾಯಿತು. ಅರೇಬಿಕಾ ಕಾಫಿ ಕೈಕೊಟ್ಟರೂ ಇರಲಿ ಅಂತ ಹಳ್ಳದಂಚಿಗೆ ಗಟ್ಟಿ ಜಾತಿಯ ರೊಬಸ್ಟಾ ಹಾಕಿಕೊಂಡವನಲ್ಲವೇ! ಚಿಕ್ಕಮಗಳೂರೇ ನಮ್ಮ ರೊಬಸ್ಟಾ ಅಂದ.

ಅತ್ತೆಯೂ ಹುಡುಗಿಯೂ ಅಡುಗೆಮನೆಯಲ್ಲಿ ಕೂತು ಪಟ್ಟಿ ಬರೆದರು, ಅದರಂತೆ ಐದು ಫಾರಂ ತುಂಬಿದರು. ಮೊದಲ ಸಾಲಿಗೆ ಮೇಘಶ್ರೀ ಮೈಸೂರು ಅಂತ ಬರೆದಳು. ಹಾಸ್ಟೆಲು, ದೊಡ್ಡ ಲೈಬ್ರರಿ, ಮರಗಳ ಕೆಳಗೆ ಕೂತು ಓದುವ ಹುಡುಗಿಯರು ಅಂತ ಹೇಳುತ್ತಲೇ ಇದ್ದಳು. ರುಕ್ಮಿಣಮ್ಮ ಹೂಂಗುಟ್ಟಿದಳು. ಹನ್ನೆರಡು ವರ್ಷದಿಂದ ತನ್ನ ಪಕ್ಕದಲ್ಲೇ ಮಲಗಿದ ಹುಡುಗಿ. ಚಿಕ್ಕಮಗಳೂರಾದರೆ ಸಂಜೆ ಬಸ್ಸಿಗೆ ಮನೆ ಸೇರುತ್ತಾಳೆ.

ನಮ್ಮ ಕಡೆ ಅಂಚೆಗೆ ಹಾಕುವುದೆಂದರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಮರುದಿನ ಬೆಳಿಗ್ಗೆ ರುಕ್ಮಿಣಮ್ಮ ಕಂಡಕ್ಟರ್ ಗಿಡ್ಡಪ್ಪನ ಕೈಗೆ ನಾಲ್ಕು ಲಕೋಟೆ ಕೊಟ್ಟಳು. ಐದನೆಯದು, ಮೈಸೂರಿನದು, ಸೀರೆಯ ಟ್ರಂಕಿನಲ್ಲೇ ಉಳಿಯಿತು. ನಾಳೆ ಕೊಟ್ಟರಾಯಿತು ಅಂದುಕೊಂಡಳು. ನಾಳೆಯೂ ಅದನ್ನೇ ಅಂದುಕೊಂಡಳು. ಎಂಥ ಹೆಂಗಸಪ್ಪಾ ಅಂತ ನೀವು ಬೈಯಬಹುದು. ಅವಳೂ ತನ್ನನ್ನು ಬೈದುಕೊಂಡಳು, ಟ್ರಂಕನ್ನು ಮಾತ್ರ ತೆಗೆಯಲಿಲ್ಲ.

ಫಾರಂ ಕೊಡುವ ಕೊನೆಯ ದಿನದ ಹಿಂದಿನ ಸಂಜೆ ಬಸ್‌ಸ್ಟ್ಯಾಂಡಿನಿಂದ ಬಂದ ಮೇಘಶ್ರೀ ಪಟ್ಟಿಯ ಹಾಳೆ ತೆಗೆದಳು. ಎಲ್ಲ ಹಾಕಿದಿರಾ ಅಂತ ಗಿಡ್ಡಪ್ಪನನ್ನು ಕೇಳಿದ್ದಳಂತೆ, ಅವನು ನಾಲ್ಕೂ ಹಾಕಿದೆ ಅಂದನಂತೆ. ಅತ್ತೆಯ ಎದುರೇ ಮೈಸೂರಿನ ಮೇಲೆ ಗೆರೆ ಎಳೆದಳು.

"ಚಿಕ್ಕಮಗಳೂರೇ ಸಾಕು ಬಿಡಿ ಅತ್ತೆ. ದಿನಾ ಮನೇಗ್ ಬರ್ಬೋದು."

ರುಕ್ಮಿಣಮ್ಮ ಇಷ್ಟು ದಿನ ಆಸೆಪಟ್ಟದ್ದು ಇದೇ ಮಾತಿಗೆ. ಬಂದಾಗ ಅದು ಹಿತವೆನಿಸಲಿಲ್ಲ. ದನಿಯಲ್ಲಿ ಸಿಟ್ಟಿಲ್ಲ, ಜಗಳವಿಲ್ಲ. ಬಡಿಸಿದ್ದನ್ನು ತಿಂದು ಸುಮ್ಮನೆ ಏಳುವವರ ದನಿ. ಗಂಡ ತೀರಿಕೊಂಡು ಅಣ್ಣನ ಮನೆಗೆ ಬಂದ ದಿನದಿಂದ ತಾನು ಮಾತಾಡಿಕೊಂಡು ಬಂದದ್ದೂ ಅದೇ ದನಿಯಲ್ಲಿ ಅಂತ ಅವಳಿಗೆ ಹೊಳೆಯಿತು.

ಮರುದಿನ ಟ್ರಂಕಿನಿಂದ ಲಕೋಟೆ ತೆಗೆದುಕೊಂಡು ಬೆಳಗಿನ ಮೊದಲ ಬಸ್ಸು ಹತ್ತಿ, ಹಾಸನದಲ್ಲಿ ಬಸ್ಸು ಬದಲಾಯಿಸಿ ಮೈಸೂರು ಮುಟ್ಟಿದಳು. ಕಾಲೇಜಿನ ಕಿಟಕಿಯಲ್ಲಿ ಫಾರಂ ಕೊಟ್ಟು, ಗುಮಾಸ್ತ ಸೀಲು ಒತ್ತಿ ರಸೀದಿ ಕೊಡುವವರೆಗೆ ಕದಲದೆ ನಿಂತಳು. ಹಾಸ್ಟೆಲಿನ ಗೇಟಿನಾಚೆ ತಂತಿಯ ಮೇಲೆ ಹುಡುಗಿಯರ ಬಟ್ಟೆ ಒಣಗುತ್ತಿದ್ದವು. ಅಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ. ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು ವಾಪಸ್ಸು ಬಸ್ಸು ಹಿಡಿದಳು.

ಮುಸ್ಸಂಜೆಗೆ ಮನೆ ಸೇರಿದಾಗ ಮೇಘಶ್ರೀ ಜಗಲಿಯಲ್ಲೇ ನಿಂತಿದ್ದಳು. ರುಕ್ಮಿಣಮ್ಮ ರಸೀದಿಯನ್ನು ಅವಳ ಕೈಗಿಟ್ಟಳು.

"ಕೊಟ್ಟು ಬಂದೆ. ಸಿಕ್ರೆ ಹೋಗು, ನನ್ ಮುಖ ನೋಡಿ ನಿಲ್ಬೇಡ. ಸಿಗ್ದೇ ಇರ್ಲಿ ಅಂತ ದಾರಿ ಉದ್ದಕ್ಕೂ ಬೇಡ್ಕೊಂಡೆ. ಅದೂ ನಿಂಗೆ ಗೊತ್ತಿರ್ಲಿ."