ನಾಲ್ಕು ಊರಿನ ನಾರುಹುಣ್ಣು

ಎಲ್ಲರೂ ಒಂದೇ ಮಾತು ಹೇಳಿದರೆ ಬೇರೆಯವರಿಗೆ ನಂಬಿಕೆ ಹುಟ್ಟುತ್ತದೆ. ಡಾಕ್ಟರ್ ಮುರ್ತುಜಾಸಾಬರಿಗೆ ಸಂಶಯ ಹುಟ್ಟುತ್ತಿತ್ತು. ಅವರ ಜಾಯಮಾನವೇ ಅಂಥದ್ದು. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವ ಮನುಷ್ಯ.

ಎಪ್ಪತ್ತನಾಲ್ಕನೆಯ ಇಸವಿಯ ಬೇಸಿಗೆ. ನಾರುಹುಣ್ಣಿಗೆ ಹೊಸ ಗುಳಿಗೆಯೊಂದು ಬಂದಿತ್ತು. ಕೆಟ್ಟ ಬಾವಿಯ ನೀರಿನೊಡನೆ ಹೊಟ್ಟೆ ಸೇರಿದ ಹುಳ, ವರ್ಷ ಕಳೆದ ಮೇಲೆ ಕಾಲು ಒಡೆದುಕೊಂಡು ದಾರದ ಹಾಗೆ ಹೊರಬರುವ ಹಾಳು ರೋಗ ಅದು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ನಾಲ್ವರು ಡಾಕ್ಟರರು ಗುಳಿಗೆಯನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿದ್ದರು. ನಾಲ್ವರ ಫಲವನ್ನೂ ಕೂಡಿಸಿ, ಇದನ್ನು ಜಿಲ್ಲೆಗೆಲ್ಲ ಹಂಚಬಹುದೋ ಬೇಡವೋ ಎಂದು ಹೇಳುವ ಕೆಲಸ ಮುರ್ತುಜಾಸಾಬರದು. ನಾಲ್ವರೂ ಹೊಗಳಿದ್ದರು. ಎಲ್ಲರಿಗಿಂತ ಹೆಚ್ಚು ಹೊಗಳಿದವನು ಮುದ್ದೇಬಿಹಾಳದ ಕಾಳಪ್ಪ. ಹುಬ್ಬಳ್ಳಿಯಲ್ಲಿ ಒಂದೇ ಕೋಣೆಯಲ್ಲಿದ್ದು ಜೊತೆಗೆ ಓದಿದ ಜೀವದ ಗೆಳೆಯ.

ಗುಣವಾದವರನ್ನು ಕಣ್ಣಾರೆ ನೋಡಿಯೇ ಬರೆಯುತ್ತೇನೆ ಎಂದು ಸಾಹೇಬರು ಹೊರಟರು. ಇಂಡಿಯ ಡಾಕ್ಟರು ಕೈಚೆಲ್ಲಿಬಿಟ್ಟರು: "ಅವ್ರು ಕುರಿಯವ್ರು ರೀ. ಕುರಿ ಹೊಡಕೊಂಡು ಮುಂದ ಹೋದ್ರು."

ಸಿಂದಗಿಯಲ್ಲೂ ಕುರಿಯವರೇ, ಅವರೂ ಹೋಗಿಯಾಗಿತ್ತು. ಊರಿನ ರೋಗಿಗಳು ಯಾಕಿಲ್ಲ ಎಂದರೆ, ಸುಗ್ಗಿ ಬಿಟ್ಟು ಯಾರು ಬರುತ್ತಾರೆ ಎಂಬ ಉತ್ತರ. ಬಾಗೇವಾಡಿಯಲ್ಲೂ ಅದೇ ಕಥೆ ಕೇಳಿದಾಗ ಸಾಹೇಬರ ರಕ್ತ ಕುದಿಯಿತು. ಗುಣವಾದವರೆಲ್ಲ ಮಾಯ! ಇಲ್ಲದ ರೋಗಿಗಳನ್ನು ನಾಲ್ವರೂ ಕೂಡಿ ಹುಟ್ಟಿಸಿದ್ದಾರೆ, ಅವರಿಗೆಲ್ಲ ಗುರು ಕಾಳಪ್ಪ. ಇದನ್ನು ಮೇಲಿನವರಿಗೆ ತಿಳಿಸಿದರೆ ಅವನ ನೌಕರಿ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಸುಮ್ಮನಿದ್ದರೆ ಕೆಲಸಕ್ಕೆ ಬಾರದ ಗುಳಿಗೆ ಊರೂರಿಗೆ ಹೋಗುತ್ತದೆ. ಬಸ್ಸಿನ ಧೂಳು ಕುಡಿಯುತ್ತ ಅವರು ಗೆಳೆಯನಿಗೆ ಮನಸ್ಸಿನಲ್ಲೇ ಶಿಕ್ಷೆ ವಿಧಿಸಿದರು, ವಿಧಿಸಿ ತಾವೇ ಸಂಕಟಪಟ್ಟರು.

"ಇತ್ಲಾಗ ಬಂದಿದ್ದೆ, ನೋಡಿ ಹೋಗೂಣಂತ ಬಂದೆ" ಎಂದು ಕಾಳಪ್ಪನ ಮನೆಯಲ್ಲಿ ಇಳಿದರು. ರೊಟ್ಟಿ ಉಂಡು, ಕಾಳಪ್ಪ ಬಿಟ್ಟುಕೊಟ್ಟ ಹಾಸಿಗೆಯಲ್ಲಿ ಮಲಗಿದರು. ಮರುದಿನ ಬೆಳಿಗ್ಗೆ, ನೆನಪಾದವರಂತೆ, ಗುಳಿಗೆ ತಗೊಂಡವರು ಎಲ್ಲಿದ್ದಾರೆ ಎಂದರು.

"ತಂಗಡಗಿ ಹೊಳಿ ದಂಡ್ಯಾಗ ಕುರಿ ನಿಲ್ಲಿಸ್ಯಾರ. ನಡಿ, ತೋರಿಸ್ತೇನಿ" ಎಂದು ಕಾಳಪ್ಪ ಚಪ್ಪಲಿ ಮೆಟ್ಟಿಯೇಬಿಟ್ಟ. ಇಷ್ಟು ಬೇಗ ಒಪ್ಪಿದ್ದೂ ಸಾಹೇಬರಿಗೆ ಸರಿಬರಲಿಲ್ಲ. ಯಾರಿಗೆ ಏನು ಹೇಳಿಕೊಟ್ಟು ಕೂರಿಸಿದ್ದಾನೋ ಎಂದುಕೊಂಡರು.

ಕೃಷ್ಣೆಯ ದಂಡೆಯಲ್ಲಿ ಕುರಿಯವರ ಪೈಕಿ ಹಿರಿಯಳಾದ ಸಿದ್ದವ್ವ ಕಾಲು ಚಾಚಿ ಮಾದ ಗಾಯ ತೋರಿಸಿದಳು. ಮುರ್ತುಜಾಸಾಬರು ವಕೀಲರ ಹಾಗೆ ಶುರುಮಾಡಿದರು.

"ಗುಳಗಿ ಯಾರು ಕೊಟ್ರಬೇ ಯವ್ವಾ?"

"ಈ ಕಾಳಪ್ಪ ಸಾಹೇಬ್ರು ಕೊಟ್ರು. ಇದಕ್ಕಿಂತ ಮೊದಲ ಬಾಗೇವಾಡ್ಯಾಗ ಕೊಟ್ರು, ಸಿಂದಗ್ಯಾಗ ಕೊಟ್ರು, ಇಂಡ್ಯಾಗ ಕೊಟ್ರು. ಹಾದಿಗುಂಟ ಎಲ್ಲಾರೂ ಕೊಟ್ರು ರೀ."

"ಎಲ್ಲಾ ಕಡೆ ಯಾಕ ತಗೊಂಡಿ?"

"ಗುಳಗಿ ಯಾರಿಗೆ ಬೇಕಾಗಿತ್ರಿ? ಗುಳಗಿ ತಗೊಂಡ್ರ ಗಾಯಕ್ಕ ಪಟ್ಟಿ ಕಟ್ತಿದ್ರು. ಪಟ್ಟಿ ಇದ್ರ ಕುರಿ ಹಿಂದ ನಡಿಯಾಕ ಬರ್ತೈತಿ. ಹುಳಾನ ಇಂಡಿಗೆ ಬರೂ ಮೊದಲ ಕಡ್ಡಿಗೆ ಸುತ್ತಿ ನಾನ ತಗದಿದ್ನಿ. ಗಾಯ ತಾನ ಮಾಯಾಕತ್ತಿತ್ತು. ನೋಡಿದವ್ರೆಲ್ಲಾ ಆರಾಮಾತು ಅಂದ್ರು, ನಾನೂ ಹೌದ್ರಿ ಅಂದೆ."

ಸುತ್ತ ಕುಳಿತವರೂ ಹೌದ್ಹೌದೆಂದು ತಲೆಯಾಡಿಸಿದರು. ನಾಲ್ವರಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ. ಅವವೇ ಕಾಲುಗಳು ನಾಲ್ಕು ಊರಲ್ಲಿ ಗುಣವಾಗಿದ್ದವು. ಹಿಂದಿನ ಊರಲ್ಲಿ ಏನು ಕೊಟ್ಟರು ಎಂದು ಯಾವ ಡಾಕ್ಟರೂ ಕೇಳಿರಲಿಲ್ಲ. ಒಬ್ಬರ ರೋಗಿಗಳೇ ಇನ್ನೊಬ್ಬರ ರೋಗಿಗಳಾಗಿರಬಹುದೆಂದು ಕೂಡಿಸಲು ಕುಳಿತ ಸಾಹೇಬರಿಗೂ ಹೊಳೆದಿರಲಿಲ್ಲ.

ಎದೆಯ ಮೇಲಿನ ಕಲ್ಲು ಸರಿದಂತಾಗಿ ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಸಂತೋಷಕ್ಕೆ ಬಾಯಿ ಹಿಡಿತದಲ್ಲಿರಲಿಲ್ಲ. "ಕಾಳ್ಯಾ, ಹಂಗಾರ ನೀ ಸುಳ್ಳು ಹೇಳಿಲ್ಲೋ!"

ಕಾಳಪ್ಪನ ಮುಖ ಕಪ್ಪಿಟ್ಟಿತು.

"ಹೇಳೀನಿ ಅಂತ ತಿಳಿದಿದ್ದಿ ಏನು?"

ಸಾಹೇಬರು ಬಗ್ಗಿ ಸಿದ್ದವ್ವನ ಗಾಯವನ್ನೇ ಮತ್ತೊಮ್ಮೆ ನೋಡತೊಡಗಿದರು.

"ಗುಳಗಿ ಹಂಚೂದು ಬ್ಯಾಡಂತ ಬರಿ. ತಪ್ಪು ನಂದೂ ಐತಿ, ಅದನ್ನೂ ಬರಿ, ನಾನ ಸಹಿ ಮಾಡ್ತೇನಿ" ಎಂದ ಕಾಳಪ್ಪ. ದನಿ ಏರಿರಲಿಲ್ಲ. "ನಿನ್ನೆ ನಮ್ಮ ಮನ್ಯಾಗ ಉಂಡಿ, ನನ್ನ ಹಾಸಿಗ್ಯಾಗ ಮಕ್ಕೊಂಡಿ. ನನ್ನ ಒಂದ ಮಾತು ಕೇಳಬೇಕಿತ್ತೋ ಮುರ್ತುಜಾ."

ಮುದ್ದೇಬಿಹಾಳದ ಬಸ್ಸು ಬಂತು. ಕಾಳಪ್ಪ ಮೊದಲು ಹತ್ತಿ ಕಿಟಕಿಯ ಪಕ್ಕ ಕುಳಿತ. ಮುರ್ತುಜಾಸಾಬರು ಹತ್ತಿರ ಬರುವಷ್ಟರಲ್ಲಿ ತನ್ನ ಚೀಲವನ್ನು ತೊಡೆಯ ಮೇಲಿನಿಂದ ತೆಗೆದು ಪಕ್ಕದ ಸೀಟಿನ ಮೇಲಿಟ್ಟ.